ಹಾಕಿ ಕೋಲು ಹಿಡಿದು ಬೆಂಗಳೂರಿಗೆ

ಊರು ಬಿಟ್ಟು ಹೋಗಬೇಕು ಅನ್ನೋ ಹುಳ ಒಂದು ಸಲ ತಲೆಗೆ ಹೊಕ್ಕರೆ ಮನುಷ್ಯ ನಿಂತಲ್ಲಿ ನಿಲ್ಲಲ್ಲ, ಕೂತಲ್ಲಿ ಕೂರಲ್ಲ. ಅಂಥವನ ಸುತ್ತ ನಗೆಪಾಟಲು ನಡೀತಾನೇ ಇರುತ್ತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ದೊಡ್ಡಬಳ್ಳಾಪುರದ ಹಾಕಿ ತಂಡಕ್ಕೇ ಆ ಹುಳ ಹೊಕ್ಕಿತ್ತು. ಬೆಂಗಳೂರಿನ ಮಿಲ್ಲುಗಳು ಚೆನ್ನಾಗಿ ಆಡೋರನ್ನ ಹುಡುಕಿ ಹುಡುಕಿ ಕೆಲಸ ಕೊಡ್ತಿದ್ದವು. ಬೆಳಿಗ್ಗೆ ಮಿಲ್ಲು, ಸಂಜೆ ಮೈದಾನ, ತಿಂಗಳಾದರೆ ಸಂಬಳ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಲಾಳಿ ಎಸೀತಿದ್ದ ನನಗೆ ರೈಲು ಕೂಗಿದಾಗೆಲ್ಲ ನನ್ನನ್ನೇ ಕರೀತಿದೆ ಅನ್ನಿಸ್ತಿತ್ತು.

ಜಾಗ ಬಿಡದವನು

ಒಂದು ದಿನ ಮಿಲ್ಲಿನ ಆಟದ ಉಸ್ತುವಾರಿ ಸಾಹೇಬರು ನಮ್ಮ ಆಟ ನೋಡೋಕೆ ಬಂದರು. ಪೆಟ್ರೋಲು ಸಿಗದ ಕಾಲ, ಇದ್ದಿಲು ಬಸ್ಸಿನಲ್ಲಿ ಬಂದು ಮುಖವೆಲ್ಲ ಮಸಿ. ಮೈದಾನ ಅಂದರೆ ನಮಗೆ ಕೆರೆಯಂಗಳ. ಎದುರಿಗೆ ದೇವನಹಳ್ಳಿ ತಂಡ.

ಸಾಹೇಬರ ಕಣ್ಣಿಗೆ ಬೀಳಬೇಕು ಅಂತ ಎಲ್ಲರಿಗೂ ಆಸೆ. ಚೆಂಡು ಸಿಕ್ಕೋನು ಇನ್ನೊಬ್ಬನಿಗೆ ಕೊಡಲೇ ಇಲ್ಲ. ಎಡಗಡೆ ಇರಬೇಕಾದ ನಾನು ಬಲಗಡೆಗೆ ಓಡಿದೆ. ನಮ್ಮ ಗೋಲ್‌ಕೀಪರು ತಾನೂ ಒಂದು ಗೋಲು ಹೊಡೆದು ಬರ್ತೀನಿ ಅಂತ ಗೋಲು ಬಿಟ್ಟು ಆ ಕಡೆಗೇ ಹೊರಟುಹೋದ. ದೇವನಹಳ್ಳಿಯವರು ಖಾಲಿ ಗೋಲಿಗೆ ಚೆಂಡು ಹೊಡೆದು ಹೊಡೆದು ಸುಸ್ತಾದರು.

ಆಟ ಮುಗಿದ ಮೇಲೆ ಸಾಹೇಬರ ಮುಂದೆ ಸಾಲಾಗಿ ನಿಂತೆವು.

"ನಿಮ್ಮಲ್ಲಿ ಒಬ್ಬನಿಗೆ ಮಾತ್ರ ಶಿಸ್ತಿದೆ," ಅಂದರು. "ಆ ಮೂಲೇಲಿ ಕೋಲು ಹಿಡಿದು ನಿಂತೋನು ಕೊನೇತನಕ ತನ್ನ ಜಾಗ ಬಿಡಲಿಲ್ಲ. ಅವನನ್ನ ಕರೀರಿ."

ನಮ್ಮ ಕ್ಯಾಪ್ಟನ್ ಮೆಲ್ಲಗೆ ಹೇಳಿದ: "ಸ್ವಾಮಿ, ಅವರು ದೊಡ್ಡಬೆಳವಂಗಲದ ಗೌಡ್ರು. ಎಮ್ಮೆ ನೀರಿಂದ ಏಳಲಿ ಅಂತ ಕಾಯ್ತಿದ್ದಾರೆ."

ನಲ್ಲಿಯಲ್ಲಿ ಬರದದ್ದು

ಹಾಗಿದ್ದೂ ಸಾಹೇಬರು ನಮ್ಮ ಸೆಂಟರ್ ಫಾರ್ವರ್ಡ್‌ನ ಆರಿಸಿಕೊಂಡರು. ಅವನು ರೇಷ್ಮೆ ನೂಲಿನ ಅಂಗಡಿಯವರ ಮಗ, ನನ್ನ ಜೀವದ ಗೆಳೆಯ. ಬೆಂಗಳೂರು ಸೇರಿದ ಮೇಲೆ ಭಾನುವಾರ ಬಂದರೆ ಅವನ ಬಾಯಲ್ಲಿ ಬರೀ ನಲ್ಲಿಯ ವರ್ಣನೆ. "ತಿರುಗಿಸಿದ್ರೆ ಸಾಕು ಗುರು, ಮನೆಯೊಳಗೇ ನೀರು!" ನನಗೆ ಹೊಟ್ಟೆ ಉರಿದು ಲಾಳಿ ಕೈತಪ್ಪಿ ಬೀಳೋದು.

ನಾವೆಲ್ಲ ಅಮ್ಮಿ ಅಂತ ಕರೀತಿದ್ದ ತನ್ನ ತಾಯಿಯನ್ನೂ ಅಲ್ಲಿಗೇ ಕರ್ಕೊಂಡು ಹೋದ. ವಾರ ತುಂಬೋದರೊಳಗೆ ಆಯಮ್ಮ ಗಂಟು ಕಟ್ಟಿಕೊಂಡು ಒಬ್ಬರೇ ರೈಲಿಳಿದರು.

"ಯಾಕಮ್ಮೀ, ನಲ್ಲೀಲಿ ನೀರು ಬರಲಿಲ್ವಾ?" ಅಂದೆ.

"ನೀರೇನೋ ಬರ್ತದೆ ಬೇಟಾ. ಇಲ್ಲಿ ನೀರು ಹಾಕೋಳು ಒಂದು ಕೊಡ ನೀರಿಗೆ ಎರಡು ಕೊಡ ಸುದ್ದಿ ತರ್ತಾಳೆ. ಆ ನಲ್ಲಿ ಎಷ್ಟು ತಿರುಗಿಸಿದ್ರೂ ಪಕ್ಕದ ಮನೆ ಸೊಸೆ ಯಾಕೆ ತವರಿಗೆ ಹೋದ್ಲು ಅಂತ ಹೇಳಲ್ವಲ್ಲೋ!"

ಊರು ಉಳಿಸಿದವರು

ಇನ್ನೊಬ್ಬ ಹೋದರೆ ತಂಡವೇ ಮುರಿಯುತ್ತೆ ಅಂತ ಊರಿನ ಸೀರೆ ವ್ಯಾಪಾರದ ಯಜಮಾನರಿಗೆ ಚಿಂತೆ ಹತ್ತಿತು. ನಮ್ಮನ್ನೆಲ್ಲ ಕರೆಸಿದರು.

"ಬೆಂಗಳೂರಲ್ಲಿ ಅಂಥದ್ದೇನ್ರಪ್ಪಾ ಇದೆ, ನಮ್ಮೂರಲ್ಲಿ ಇಲ್ಲದ್ದು?"

ವಿದ್ಯುತ್ ದೀಪ, ಬಯಾಸ್ಕೋಪು, ಒಳ್ಳೇ ಮೈದಾನ ಅಂತೆಲ್ಲ ಹೇಳಬೇಕು ಅಂತ ನಾನು ಬಾಯಿ ತೆಗೆಯೋದರೊಳಗೆ ಗೋಲ್‌ಕೀಪರು ಅಂದುಬಿಟ್ಟ: "ಕೂತು ಹರಟೋಕೊಂದು ಹೋಟ್ಲು."

ಯಜಮಾನರು ಕೇಳಿದ್ದನ್ನ ಮಾಡಿಕೊಡೋ ಮನುಷ್ಯರು. ತಮ್ಮ ಖಾಲಿ ಮಳಿಗೆಯಲ್ಲೇ ಹೋಟೆಲು ಹಾಕಿಸಿದರು. ಬಿಸಿ ಬೋಂಡ, ಕಾಫಿ, ಗೋಡೆಗೊಂದು ಕನ್ನಡಿ. ಸ್ವಲ್ಪ ದಿನಕ್ಕೇ ಸಂಜೆ ಹೊತ್ತು ಕೆರೆಯಂಗಳದಲ್ಲಿ ಕಾಗೆ ಬಿಟ್ಟರೆ ಯಾರೂ ಇಲ್ಲ. ಯಜಮಾನರು ಹೋಟೆಲಿಗೇ ನುಗ್ಗಿದರು.

"ಲೇ, ಆಟಕ್ಕೆ ಹೋಗಲ್ವೇನ್ರೋ?"

ಗೋಲ್‌ಕೀಪರು ಬೋಂಡ ನುಂಗಿಕೊಂಡು ಹೇಳಿದ: "ನಾವು ಎದ್ದು ಹೋದ್ರೆ ಹೋಟ್ಲು ಮುಚ್ಚಿಹೋಗುತ್ತೆ ಯಜಮಾನ್ರೇ. ಊರು ಮುಖ್ಯ ಅಲ್ವಾ?"

ಪೆಟ್ಟು ತಿಂದೋನದೇ ತಪ್ಪು

ಕೊನೆಗೂ ನನಗೆ ಮಿಲ್ಲಿನಿಂದ ಕರೆ ಬಂತು. ಒಂದು ಪಂದ್ಯ ಆಡಿ ತೋರಿಸು, ಸರಿಹೋದರೆ ಕೆಲಸ. ನನಗೆ ಊಟ ಸೇರದು, ನಿದ್ದೆ ಹತ್ತದು. ಆದರೆ ನಮ್ಮಪ್ಪ ಒಪ್ಪಬೇಕಲ್ಲ? ಅವರು ಹುಟ್ಟಿದಾಗಿನಿಂದ ಹಾಕಿ ಆಟ ನೋಡಿದವರಲ್ಲ.

"ಆಡೋನಿಗೆ ಸಂಬಳ ಕೊಡೋ ಊರು ನೆಟ್ಟಗಿರೋದು ಅನುಮಾನ. ನಾನೇ ಬಂದು ನೋಡ್ತೀನಿ," ಅಂದರು. ರುಮಾಲು ಸುತ್ತಿ, ಕೊಡೆ ಹಿಡಿದು ನನ್ನ ಜೊತೆ ಹೊರಟೇಬಿಟ್ಟರು.

ಆ ಮೈದಾನ ನಮ್ಮ ಕೆರೆಯಂಗಳದ ಹಾಗಲ್ಲ. ಸುತ್ತ ಜನವೋ ಜನ. ಅಪ್ಪ ಸಾಹೇಬರ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಆಟ ಶುರುವಾಗುತ್ತಲೇ ಎದುರಾಳಿ ಬೀಸಿ ಹೊಡೆದ ಚೆಂಡು ನನ್ನ ಮೊಣಕಾಲ ಕೆಳಗೆ ಬಡಿಯಿತು. "ಅಯ್ಯಪ್ಪಾ!" ಅಂತ ಕೂತೆ. ಅಂಪೈರು ಸೀಟಿ ಊದಿ ನನ್ನ ಕಡೆಗೇ ಬೆರಳು ತೋರಿಸಿದರು. ಹಾಕಿಯಲ್ಲಿ ಚೆಂಡು ಕಾಲಿಗೆ ತಾಗಿದರೆ ತಾಗಿಸಿಕೊಂಡವನದೇ ತಪ್ಪು.

ಆ ಕಾನೂನು ಅಪ್ಪನಿಗೇನು ಗೊತ್ತು? ಕೊಡೆ ಹಿಡಿದು ಸೀದಾ ಮೈದಾನದ ನಡುವಿಗೇ ಬಂದರು.

"ಏನ್ರೀ, ಹೊಡೆದೋನು ಅವನು. ಹೊಡೆಸ್ಕೊಂಡೋನು ನನ್ನ ಮಗ. ತಪ್ಪೂ ನನ್ನ ಮಗಂದೇನಾ?"

"ಅದು ಆಟದ ನಿಯಮ ಯಜಮಾನ್ರೇ," ಅಂದರು ಅಂಪೈರು.

"ಪೆಟ್ಟು ತಿಂದೋನಿಗೇ ಶಿಕ್ಷೆ ಕೊಡೋ ಊರಲ್ಲಿ ಮಗನ್ನ ಬಿಟ್ಟು ಹೋಗ್ಲಾ? ಏಳೋ, ನಡಿ ಮನೆಗೆ!"

ಜನ ಬಿದ್ದು ಬಿದ್ದು ನಕ್ಕರು. ನನಗೋ ಅಳು. ಇಷ್ಟು ವರ್ಷದ ಕನಸು ಒಂದು ಕೊಡೆಯ ತುದಿಯಲ್ಲಿ ಮುರೀತಿದೆ. ಸಾಹೇಬರು ಓಡಿಬಂದು, ಕೈಮುಗಿದು, ಕಾಫಿ ತರಿಸ್ತೀನಿ ಬನ್ನಿ ಅಂತ ರಮಿಸಿ ಕೂರಿಸಿದರು. ಅಪ್ಪ ಕಾಫಿ ಮುಟ್ಟಲಿಲ್ಲ. ನಾನು ಕುಂಟುತ್ತಲೇ ಆಡಿದೆ, ಕಣ್ಣು ಮಾತ್ರ ಅವರ ಮೇಲೇ.

ಸ್ವಲ್ಪ ಹೊತ್ತಿಗೆ ನಾನು ಸಿಟ್ಟಿಗೆ ಬಾರಿಸಿದ ಚೆಂಡು ಎದುರಾಳಿಯ ಪಾದಕ್ಕೆ ಫಟೀರ್ ಅಂತ ಬಡಿಯಿತು. ಅವನು ಕಾಲು ಹಿಡಿದು ಕುಣಿದ. ಅಂಪೈರು ಸೀಟಿ ಊದಿ ಅವನ ಕಡೆ ಬೆರಳು ತೋರಿಸಿದರು.

ಅಪ್ಪ ದಡಕ್ಕನೆ ಎದ್ದರು. ಕಾಫಿ ಲೋಟ ಎತ್ತಿ ಒಂದೇ ಗುಟುಕಿಗೆ ಮುಗಿಸಿ, ಇಡೀ ಮೈದಾನಕ್ಕೆ ಕೇಳೋ ಹಾಗೆ ಕೂಗಿದರು:

"ನೀನು ಇಲ್ಲೇ ಇರಪ್ಪಾ! ಧರ್ಮ ನ್ಯಾಯ ತಿಳಿದಿರೋ ಊರು ಇದು!"