ಹೂಂ ಮೇಷ್ಟ್ರ ರಜಾದಿನ

ರಜಾದಿನ ಬೆಳಿಗ್ಗೆಯೇ ಹೂಂ ಮೇಷ್ಟ್ರ ನೆಮ್ಮದಿ ಹಾರಿಹೋಯಿತು. ಹೆಂಡತಿ ಹೇಳಿದ ಯಾವುದೋ ಮಾತಿಗೆ ಪೇಪರಿನಿಂದ ತಲೆಯೆತ್ತದೆ "ಹೂಂ" ಎಂದುಬಿಟ್ಟಿದ್ದರು. ಯಾವ ಮಾತಿಗೆ ಎಂಬುದನ್ನು ಭಗವಂತನೇ ಬಲ್ಲ.

"ನೋಡಿ, ಒಪ್ಪಿದ್ದೀರಿ. ಆಮೇಲೆ ಮಾತು ತಪ್ಪೋ ಹಾಗಿಲ್ಲ," ಎಂದು ಆಕೆ ಹೊಲಿಗೆ ಮೆಷಿನ್ ತುಳಿಯತೊಡಗಿದರು.

ಮೇಷ್ಟ್ರ ಉದ್ಯೋಗ ರೋಬೋಟುಗಳಿಗೆ ಸಂಭಾಷಣಾ ಶಿಷ್ಟಾಚಾರ ಬೋಧಿಸುವುದು. ಎಲ್ಲಿ ತಲೆದೂಗಬೇಕು, ಎಲ್ಲಿ "ಹೂಂ" ಅನ್ನಬೇಕು, ಎಲ್ಲಿ "ಅಯ್ಯೋ ಪಾಪ" ಅನ್ನಬೇಕು ಎಂಬುದೆಲ್ಲ ಅವರ ಪಾಠ. (ಆಫೀಸಿನಲ್ಲಿ ಹೆಸರು ಬಿದ್ದದ್ದೂ ಹಾಗೆಯೇ.) ಸಂಸಾರಸ್ಥರ ನಡುವೆ ಪಳಗಲಿ ಎಂದು ಒಂದು ರೋಬೋಟನ್ನು ವಾರದ ಮಟ್ಟಿಗೆ ಮನೆಗೇ ತಂದಿದ್ದರು.

ಹೆಂಡತಿಯನ್ನೇ ಕೇಳೋಣವೆಂದರೆ ಧೈರ್ಯವಿಲ್ಲ. "ಇನ್ನೊಂದು ಸಲ ಕೇಳಿಸಿಕೊಳ್ಳದೆ ಹೂಂ ಅಂದ್ರೆ, ನಿಮ್ಮ ಹತ್ರ ಮಾತಾಡೋದೇ ಬಿಡ್ತೀನಿ," ಎಂದು ಹೋದ ವಾರವಷ್ಟೇ ಆಕೆ ಕಣ್ಣು ತುಂಬಿಕೊಂಡು ಹೇಳಿದ್ದರು. (ಅದೊಂದನ್ನು ಮೇಷ್ಟ್ರು ಸರಿಯಾಗಿ ಕೇಳಿಸಿಕೊಂಡಿದ್ದರು.) ಆಕೆ ಬಿಟ್ಟರೂ ಬಿಟ್ಟಾರು ಎಂದು ಅವರಿಗೆ ನಿಜವಾಗಿಯೂ ಭಯವಾಗಿತ್ತು.

ರೋಬೋಟನ್ನು ಬಚ್ಚಲುಮನೆಗೆ ಕರೆದೊಯ್ದು ಪಿಸುಗುಟ್ಟಿದರು. "ಬೆಳಿಗ್ಗೆ ಅಮ್ಮಾವ್ರು ಏನಂದ್ರು?"

"ಅದು ನಿಮ್ಮಿಬ್ಬರ ಮಾತು ಸಾರ್. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಊದಬಾರದು ಅಂತ ನೀವೇ ಕಲಿಸಿದ್ದೀರಿ."

"ಅವಳು ಹೇಳಿದ್ದು ನನಗೇ ಕಣಯ್ಯಾ!"

"ಹಾಗಿದ್ರೆ ನಿಮಗೆ ಗೊತ್ತಿರುತ್ತಲ್ಲ ಸಾರ್."

ತಮ್ಮ ಬೋಧನೆಯ ಮೇಲೆ ಮೇಷ್ಟ್ರಿಗೆ ಮೊದಲ ಬಾರಿ ಜಿಗುಪ್ಸೆ ಬಂತು.

ಇನ್ನು ಉಳಿದದ್ದು ಒಂದೇ ದಾರಿ. ಒಪ್ಪಿರಬಹುದಾದ ಎಲ್ಲವನ್ನೂ ಮಾಡಿ ಮುಗಿಸುವುದು! ಅಟ್ಟದ ಸಾಮಾನು ಇಳಿಸಿ ಧೂಳು ಹೊಡೆದರು. ಫ್ಯಾನಿನ ರೆಕ್ಕೆ ಒರೆಸಿದರು. ಪರದೆಗಳನ್ನು ಒಗೆದು ಹಾಕಿದರು. ಎರಡು ವರ್ಷದಿಂದ ಮುನಿಸಿಕೊಂಡಿದ್ದ ಭಾವಮೈದುನನಿಗೆ ಫೋನ್ ಮಾಡಿ ಕ್ಷಮೆಯನ್ನೂ ಕೇಳಿದರು. ಪ್ರತಿ ಸಲವೂ ಹೆಂಡತಿಯ ಮುಖ ನೋಡುವುದು, ಆಕೆ ಹಲ್ಲಿನಲ್ಲಿ ದಾರ ಕಡಿದು ಮತ್ತೆ ಮೆಷಿನ್ ತುಳಿಯುವುದು. ಸಂಜೆ ಬಟ್ಟೆಯ ಬೀರು ಜರುಗಿಸಹೋದಾಗ ಸೊಂಟ ಲಟಕ್ಕೆಂದಿತು.

"ಅಯ್ಯೋ! ಶರಣಾದೆ ಕಣೇ. ಬೆಳಿಗ್ಗೆ ಏನಂದೆ ಅಂತ ಕೇಳಿಸಿಕೊಳ್ಳಲೇ ಇಲ್ಲ."

"ಗೊತ್ತು. ಎಲ್ಲೀತನಕ ಹೋಗ್ತೀರಿ ಅಂತ ನೋಡ್ತಿದ್ದೆ," ಎಂದರು ಆಕೆ. "ಸೊಂಟ ನೋವು ಅಂತಿದ್ರಲ್ಲ, ಇವತ್ತು ಒಂದು ಕೆಲಸಾನೂ ಮುಟ್ಟಬೇಡಿ, ಸಂಜೆ ಇಬ್ಬರೇ ಸುತ್ತಾಡಿಕೊಂಡು ಬರೋಣ ಅಂದಿದ್ದೆ."

ಮೇಷ್ಟ್ರು ಏಳಲು ನೋಡಿದರು. ಆಗಲಿಲ್ಲ. ಆಕೆ ಬಿಸಿನೀರಿನ ಚೀಲವನ್ನು ಅವರ ಬೆನ್ನಿಗಿಟ್ಟು, ಚಪ್ಪಲಿ ಮೆಟ್ಟಿ, ರೋಬೋಟನ್ನು ಕರೆದುಕೊಂಡು ಹೊರಟೇಬಿಟ್ಟರು. ಕಿಟಕಿಯಾಚೆ ಆಕೆ ಏನೋ ಹೇಳುತ್ತಿದ್ದುದು ಕೇಳಿಸಿತು. ಮೇಷ್ಟ್ರು ಕಿವಿ ನಿಮಿರಿಸಿದರು. ಈಗ ಅದು "ಹೂಂ" ಅನ್ನಬೇಕು, ಪಾಠದ ಪ್ರಕಾರ.

"ಹೌದಾ? ಆಮೇಲೆ ಏನಾಯ್ತು?" ಎಂದಿತು ರೋಬೋಟು.

ಅದನ್ನು ಮೇಷ್ಟ್ರು ಕಲಿಸಿರಲಿಲ್ಲ. ಹೆಂಡತಿಯ ನಗು ಬೀದಿಯ ತಿರುವಿನವರೆಗೂ ಕೇಳಿಸುತ್ತಲೇ ಇತ್ತು.