ತೋಟಪ್ಪನವರ ಮನೆಯಲ್ಲಿ ಹತ್ತದ ಟೆಸ್ಟರ್

ಟಿ.ಬಿ. ಡ್ಯಾಂ ಕಾಲುವೆ ಕಚೇರಿಯ ಗುಮಾಸ್ತ ತೋಟಪ್ಪನವರು ಆ ಭಾನುವಾರ ಅಷ್ಟು ದೊಡ್ಡ ಮಾತು ಆಡಬಾರದಿತ್ತು. ಅಡುಗೆಮನೆಯ ಪ್ಲಗ್ಗಿನಲ್ಲಿ ಕರೆಂಟು ಬಾರದೆ ಮಿಕ್ಸಿ ಮೌನವ್ರತ ಹಿಡಿದಿತ್ತು. ಸಂಜೆಗೆ ಸಂಡೂರಿನಿಂದ ಹೆಂಡತಿ ಶೈಲಜಾಳ ಅಕ್ಕ, ಭಾವ ಬರುವವರಿದ್ದರು. ವಡೆಗೆಂದು ಉದ್ದಿನಬೇಳೆ ನೆನೆದಿತ್ತು. ವೈರ್‌ಮನ್ ಹುಲುಗೇಶ್ ಕಂಪ್ಲಿಗೆ ಹೋಗಿದ್ದ.

"ಇದಕ್ಕ ಹುಲುಗೇಶ್ ಯಾಕ? ಒಂದು ಟೆಸ್ಟರ್ ತಂದು ನಾನ ನೋಡ್ತೀನಿ. ಸಂಜಿಯೊಳಗ ಸರಿ ಆಗಲಿಲ್ಲಂದ್ರ ಒಳಕಲ್ಲಿನಾಗ ನಾನ ರುಬ್ಬಿಕೊಡ್ತೀನಿ!"

ಶೈಲಜಾ ಹಿತ್ತಲಿಗೆ ಹೋಗಿ ಒಳಕಲ್ಲು ತೊಳೆದಿಟ್ಟಳು.

ಹೊಸಪೇಟೆಯ ಮೌನೇಶನ ಎಲೆಕ್ಟ್ರಿಕ್ ಅಂಗಡಿಯಿಂದ ಎಲ್ಲಕ್ಕಿಂತ ಅಗ್ಗದ ಟೆಸ್ಟರ್ ಬಂತು. ಪಡಸಾಲೆಯ ಮೀಟರ್ ಬೋರ್ಡಿನ ಕೆಳಗೆ, ಕೈಗೋಲು ಪಕ್ಕಕ್ಕಿಟ್ಟು ಶೇಂಗಾ ಸುಲಿಯುತ್ತಿದ್ದ ಅವ್ವ ಕೊಟ್ರಬಸಮ್ಮ, "ಹುಷಾರಪಾ" ಅಂದರು. ತೋಟಪ್ಪನವರು ಅಡುಗೆಮನೆಯ ಪ್ಲಗ್ಗಿಗೆ ಚುಚ್ಚಿದರು. ಹತ್ತಲಿಲ್ಲ. ನಡುಮನೆಯಲ್ಲೂ ಇಲ್ಲ, ದೇವರಮನೆಯಲ್ಲೂ ಇಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಒಳಗೆ ಫ್ರಿಜ್ಜು ಗುರ್ರೆಂದಿತು.

"ಕರೆಂಟೈತಿ. ಟೆಸ್ಟರೇ ಸುಳ್ಳು!"

ಅಂಗಡಿಯಲ್ಲಿ ಅದೇ ಟೆಸ್ಟರ್ ಮಿಂಚುಹುಳದ ಹಾಗೆ ಹತ್ತಿತು. "ಹಿಂದಿನ ಟೊಪಗಿ ಮ್ಯಾಲೆ ಬೆರಳಿಟ್ಟಿದ್ರೇನ್ರಿ ಸರ?" ಎಂದ ಮೌನೇಶ್.

"ಭಾಳ ಒತ್ತಿ ಇಟ್ಟಿದ್ದೆ."

"ಹಂಗಾರ ಇದನ್ನ ಒಯ್ರಿ. ಪ್ಲಗ್ಗಿಗೆ ಸಿಗಿಸಿ ಬಿಟ್ರಾತು. ಎರಡು ಹಳದಿ ದೀಪ ಹತ್ತಿದ್ರ ಎಲ್ಲಾ ಸರಿ."

ಅದೂ ಮನೆಗೆ ಬಂದದ್ದೇ ಕುರುಡಾಯಿತು. ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಜಂಬಪ್ಪ ತಮ್ಮ ಟೆಸ್ಟರ್ ಹಿಡಿದು ಬಂದರು. ಅದೂ ಹತ್ತಲಿಲ್ಲ. "ತೋಟಪ್ಪನೋರ, ನಿಮ್ಮ ಮನಿ ಕರೆಂಟಿಗೆ ನಾಚಿಕಿ ಭಾಳ!" ಎಂದರು. ಅವರ ಹೆಂಡತಿ ವಿರುಪಮ್ಮ, "ಬಾಗಲಿಗೆ ಲಿಂಬಿಹಣ್ಣು ಕಟ್ರಿ" ಎಂದು ತಾವೇ ಎರಡು ತಂದರು.

ಕೊನೆಗೆ ಮೌನೇಶ್ ಪಾಪ, ಊಟ ಬಿಟ್ಟು, ಅಂಗಡಿಗೆ ಬಾಗಿಲೆಳೆದು, ಕರೆಂಟು ಅಳೆಯುವ ಮೀಟರ್ ಹಿಡಿದು ಬಂದ. ಅದರ ಮುಳ್ಳೂ ಅಲುಗಲಿಲ್ಲ. ಮೇನ್ ನೋಡೋಣವೆಂದು ಪಡಸಾಲೆಗೆ ಬಂದವನು ಹಾಗೇ ನಿಂತುಬಿಟ್ಟ. ಅವನ ಹೆಜ್ಜೆ ಸಪ್ಪಳಕ್ಕೆ ಕೊಟ್ರಬಸಮ್ಮ ಕೈಗೋಲೆತ್ತಿ, ಕುಂತಲ್ಲಿಂದಲೇ ಮೇನ್ ಸ್ವಿಚ್ಚನ್ನು ಮೇಲಕ್ಕೆ ತಳ್ಳುತ್ತಿದ್ದರು.

"ಯವ್ವಾ! ಮುಂಜಾನಿಂದ ನೀನ ಬಂದ್ ಮಾಡಾಕತ್ತಿಯೇನ?" ಎಂದು ಹಿಂದೆಯೇ ಬಂದ ತೋಟಪ್ಪನವರು ಕೂಗಿದರು.

"ಮತ್ತ? ಮಗ ಕರೆಂಟಿನ ಬಾಯಾಗ ಕೈ ಇಡ್ತಿದ್ರ ಹೆತ್ತಾಕಿ ಶೇಂಗಾ ಸುಲಕೋತ ಸುಮ್ನ ಕುಂದರಬೇಕೇನು? ನೀ ಒಳಗ ಹೋದ್ರ ಇಳಸ್ತೀನಿ, ಹೊರಗ ಬಂದ್ರ ಏರಸ್ತೀನಿ."

ಜಂಬಪ್ಪ ನಕ್ಕು ನಕ್ಕು ಕಂಬ ಹಿಡಿದುಕೊಂಡರು. ಮೌನೇಶ್ ಅಡುಗೆಮನೆಯ ಪ್ಲಗ್ಗು ಬಿಚ್ಚಿದ. ಒಂದು ವೈರು ಸಡಿಲಾಗಿತ್ತು. "ಅಮ್ಮಾ, ಈಗ ಇಳಸ್ರಿ," ಎಂದ. ಅವ್ವ ಹೆಮ್ಮೆಯಿಂದ ಇಳಿಸಿದರು. ಅವನು ವೈರು ಬಿಗಿ ಮಾಡಿದ. ಅವ್ವ ಏರಿಸಿದರು. ಶೈಲಜಾ ಬೇಳೆ ಹಾಕಿ ಮಿಕ್ಸಿ ತಿರುವಿದಳು. ಜುಂಯ್ ಎಂದಿತು. ತೋಟಪ್ಪನವರು ಮೀಸೆ ಮುಟ್ಟಿಕೊಂಡರು. ಮಿಕ್ಸಿ ನಿಂತಿತು.

ಎಲ್ಲರೂ ಪಡಸಾಲೆಯತ್ತ ತಿರುಗಿದರು. ಕೊಟ್ರಬಸಮ್ಮ ಎರಡೂ ಕೈ ಮೇಲೆತ್ತಿ, "ನಾನಲ್ಲಪಾ!" ಎಂದರು.

ಓಣಿಯ ಕರೆಂಟೇ ಹೋಗಿತ್ತು.

ಕರೆಂಟು ಬಂದರೆ ತಿಳಿಯಲೆಂದು ತೋಟಪ್ಪನವರು ಮಿಕ್ಸಿ ಕಿತ್ತು ಆ ಪ್ಲಗ್ಗಿಗೆ ಎರಡು ದೀಪದ ಟೆಸ್ಟರ್ ಸಿಗಿಸಿಟ್ಟು, ಸಂಜೆಯವರೆಗೆ ಹಿತ್ತಲಲ್ಲಿ ರುಬ್ಬಿದರು. "ನೆಲ ತಂಪೈತಿ" ಎಂದು ಅವ್ವ ಕಂಬಳಿ ಮಡಚಿ ಕೂರಲು ಕೊಟ್ಟರು. ಮೌನೇಶನಿಗೆ ಶೈಲಜಾ ಬುತ್ತಿ ಕಟ್ಟಿ ಕಳಿಸಿದಳು. ಕೊನೆಯ ಹಿಡಿ ಹಿಟ್ಟನ್ನು ಬಳಿದು ಪಾತ್ರೆಗೆ ಹಾಕಿ ತೋಟಪ್ಪನವರು ಸೊಂಟ ನೆಟ್ಟಗೆ ಮಾಡುತ್ತಿದ್ದರು. ಆಗ ಅಡುಗೆಮನೆಯ ಪ್ಲಗ್ಗಿನಲ್ಲಿ ಎರಡೂ ಹಳದಿ ದೀಪ ಹತ್ತಿದವು.