ಚಂದ್ರನ ಲೆಕ್ಕಕ್ಕೆ ಸೇರಿದ ಉಂಡಿ ಡಬ್ಬಿ

ಇಡೀ ಸೌರಮಂಡಲಕ್ಕೆ ವಿಳಾಸ ಕೊಟ್ಟೇ ಸಾಯುತ್ತೇನೆ ಎಂದು ನಾನು, ದೇವೇಂದ್ರಪ್ಪ, ಮೂವತ್ತೊಂದು ವರ್ಷದಿಂದ ಅಂಚೆ ವಿಂಗಡಿಸುತ್ತಿರುವ ಕೈಯನ್ನು ಎದೆಯ ಮೇಲಿಟ್ಟು ಶಪಥ ಮಾಡಿದೆ! ರಾಕೆಟ್ ಬಿಡುವವರು ಬಿಡಲಿ. ನಾಳೆ ಚಂದ್ರನ ಮೇಲೆ ಜನ ಸಂಸಾರ ಹೂಡಿದರೆ ಅವರಿಗೆ ಮದುವೆ ಕಾರ್ಡು ಮುಟ್ಟಿಸುವವರು ಯಾರು?

"ಮದಲ ಹಿತ್ತಲದಾಗಿನ ನಳ ರಿಪೇರಿ ಮಾಡ್ರಿ. ಆಮ್ಯಾಲೆ ಚಂದ್ರಗ ಹೋಗೂಣಂತ" ಎಂದಳು ಹೆಂಡತಿ ನೀಲಗಂಗವ್ವ.

"ನಳ ಯಾರರೆ ಮಾಡ್ತಾರ, ನೀಲಾ. ಚಂದ್ರಗ ನಾನೊಬ್ಬನ!"

ಪದ್ಧತಿ ಸರಳ. ಪಿನ್‌ಕೋಡಿನ ಕೆಳಗೆ ಇನ್ನೊಂದು ಸಾಲು, ಗ್ರಹ ಸಂಖ್ಯೆ. ಬುಧ ೧, ಶುಕ್ರ ೨, ಭೂಮಿ ೩. ಬೀಗರು ಬಿಜ್ಜರಿಗೆಲ್ಲ ಫೋನ್ ಮಾಡಿ, ಇನ್ನು ನಮಗೆ ಏನೇ ಕಳಿಸಿದರೂ ಕೊನೆಗೆ 'ಗ್ರಹ ೩' ಎಂದು ಬರೆಯಲೇಬೇಕೆಂದು ತಾಕೀತು ಮಾಡಿದೆ. ಎಂಟು ದಿನಕ್ಕೆ ನನ್ನ ನ್ಯಾಯಬುದ್ಧಿ ಚುಚ್ಚಿತು. ಯಾರಿಗಾಗಿ ಇಷ್ಟೆಲ್ಲ ಮಾಡಿದೆನೋ ಆ ಚಂದ್ರನಿಗೇ ಸಂಖ್ಯೆ ಇಲ್ಲ! ಅವನಿಗೆ ೩ ಕೊಟ್ಟು ಭೂಮಿಯನ್ನು ೪ಕ್ಕೆ ತಳ್ಳಿದೆ. ಬೀಗರಿಗೆ ತಿಳಿಸುವುದನ್ನು ಮಾತ್ರ ಮರೆತೆ.

ಅಷ್ಟರಲ್ಲಿ ಪಂಚಮಿ ಬಂತು. ಪ್ರತಿವರ್ಷ ಮುಂಡರಗಿಯಿಂದ ನನ್ನ ಅತ್ತೆ ತಾವೇ ಕಟ್ಟಿದ ಉಂಡಿ ಕಳಿಸುತ್ತಾರೆ. ಈ ಸಲ ಫೋನಿನಲ್ಲಿ ಮಗಳಿಗೆ, "ಕೈ ನಡಗಾಕತ್ತಾವವ್ವಾ. ಇನ್ನ ಮುಂದ ಆಗೂದಿಲ್ಲ, ಇದ ಕಡೀದು" ಎಂದಿದ್ದರು. ಅಂದಿನಿಂದ ನೀಲಾ ಬಾಗಿಲ ಕಡೆ ನೋಡಿದ್ದೇ ನೋಡಿದ್ದು.

ಹಬ್ಬದ ಮುನ್ನಾದಿನ ನಾನು ಕುಣಿಯುತ್ತ ಮನೆಗೆ ಬಂದೆ.

"ನೀಲಾ! ಇವತ್ತ ಚಂದ್ರಗ ಮದಲನೇ ಪಾರ್ಸಲ್ ಬಂದಿತ್ತು! ಗ್ರಹ ೩!"

"ಏನ್ ಮಾಡಿದ್ರಿ?"

"ಅಲ್ಲೀಗೆ ಗಾಡಿ ಇಲ್ಲಲಾ. 'ಚಂದ್ರನಿಗೆ ಸಾರಿಗೆ ಸೌಲಭ್ಯವಿಲ್ಲ' ಅಂತ ಬರದು ವಾಪಸ್ ಕಳಿಸೀನಿ."

"ಯಾರದಿತ್ತು?"

"ವಿಂಗಡಿಸಾವ ಕಡೀ ಸಾಲಷ್ಟ ನೋಡ್ತಾನ. ಹೆಸರು ಓದ್ಕೋತ ಕುಂತ್ರ ಚೀಲ ಖಾಲಿ ಆಗೂದು ಯಾವಾಗ? ಆದ್ರ ಘಮಾ ಅಂತಿತ್ತು ನೋಡು, ಶೇಂಗಾ, ಬೆಲ್ಲ, ಯಾಲಕ್ಕಿ..."

ಯಾಲಕ್ಕಿಗೆ ಬರುವಷ್ಟರಲ್ಲಿ ನನ್ನ ನಾಲಿಗೆ ಒಣಗಿತು. ನೀಲಾ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ! ಸೆರಗಿನಿಂದ ಕಣ್ಣೊರೆಸಿಕೊಂಡು, "ಕಡೀ ಉಂಡಿರಿ ಅವು" ಎಂದಷ್ಟೇ ಅಂದಳು.

ಕಚೇರಿಗೆ ಓಡಿದೆ. ಚೀಲ ಹೋಗಿಯಾಗಿತ್ತು. ಹಬ್ಬ ಮುಗಿದ ಮೇಲೆ ಭಾನುವಾರ ಮುಂಡರಗಿ ಬಸ್ಸು ಹತ್ತಿದೆ. ಡಬ್ಬಿ ನನಗಿಂತ ಮೊದಲೇ ಮುಟ್ಟಿತ್ತು, ನೀಲಾಳ ತಮ್ಮ ಕೊಟ್ರೇಶನ ಮಕ್ಕಳು ಅದನ್ನು ಬಳಿದು ತಿಂದು ಮುಗಿಸಿದ್ದರು!

"ಮಾವಾರ, ಚಂದ್ರನ ಮ್ಯಾಲೆ ಅಕ್ಕ ಆರಾಮ ಅದಾಳ?" ಎಂದ ಕೊಟ್ರೇಶ.

ಅತ್ತೆ ನಗಲಿಲ್ಲ. "ವಾಪಸ್ ಬಂದಿದ್ದ ನೋಡಿ ಎದಿ ಝಲ್ ಅಂತು. ನಮ್ಮ ನೀಲಾಗ ಏನಾತೋ ಅಂತ."

ಅವರ ಕಾಲು ಹಿಡಿದುಕೊಂಡೆ. "ತಪ್ಪಾತ್ರಿ ಅತ್ತಿ. ಇನ್ನೊಮ್ಮೆ ಕಟ್ಟಿ ಕೊಡ್ರಿ."

ಅವರು ಒಲೆ ಹಚ್ಚಿ ಬೆಲ್ಲದ ಪಾಕಕ್ಕೆ ಇಟ್ಟರು. ಐದು ಉಂಡಿ ಕಟ್ಟುವಷ್ಟರಲ್ಲಿ ಕೈ ಸೋತವು. ಪಾತ್ರೆಯನ್ನು ನನ್ನ ಮುಂದೆ ಸರಿಸಿದರು. "ಉಳದದ್ದು ನೀವ ಕಟ್ರಿ, ಅಳಿಯಂದ್ರ. ಜಲ್ದಿ, ಆರಿದ್ರ ಕೂಡೂದಿಲ್ಲ."

ಸೌರಮಂಡಲದ ವಿಳಾಸಕರ್ತನು ಚಕ್ಕಳಮಕ್ಕಳ ಹಾಕಿ ಕುಳಿತು, ಬೆರಳು ಸುಟ್ಟುಕೊಂಡು, ಹದಿನಾರು ಉಂಡಿ ಕಟ್ಟಿದನು!

ಬೆಟಗೇರಿಯ ನಮ್ಮ ಮನೆಗೆ ಮರಳಿ ಡಬ್ಬಿಯನ್ನು ನೀಲಾಳ ಕೈಗಿಟ್ಟೆ. ಯಾರೂ ಹೇಳದೆಯೇ ತಾಯಿ ಕಟ್ಟಿದ ಐದನ್ನು ಗುರುತಿಸಿ, ಬೇರೆ ತೆಗೆದು ದೇವರ ಮುಂದಿಟ್ಟಳು. ಆಮೇಲೆ ನನ್ನದೊಂದನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ನನ್ನ ಬೊಬ್ಬೆಯೆದ್ದ ಬೆರಳುಗಳನ್ನೂ ನೋಡಿದಳು. ಅಷ್ಟು ದಿನದ ಮೇಲೆ ಅವಳ ಮುಖದಲ್ಲಿ ನಗು ಬಂತು.

"ಎಲ್ಲಾ ಕಡೆ ತೆಗ್ಗು ದಿನ್ನಿ. ಖರೇನ ಚಂದ್ರ ಆಗೇತಿ ನೋಡ್ರಿ! ನನ್ನ ಬಾಯಾಗ ಹೋಗೂದ್ರಾಗ ಇದಕ್ಕೊಂದು ವಿಳಾಸ ಬರೀರಿ!"